ಹಸು ಕೊಟ್ಟವನ ಹೆಸರಲ್ಲಿ

ರುಬಾಂಗೋ ಗುಡ್ಡದ ಜನ ಏನನ್ನು ಬೇಕಾದರೂ ಸಹಿಸಿಯಾರು, ಗಂಡಸು ಅಳುವುದನ್ನು ಸಹಿಸಲಾರರು. ಸಾವಿನ ಮನೆಯಲ್ಲೂ ರುವಾಂಡಾದ ಗಂಡಸು ಗೋಡೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಅಷ್ಟೇ. ಹಾಗಿರುವಾಗ ಕಳೆದ ಏಪ್ರಿಲ್‌ನಲ್ಲಿ, ಸತ್ತವರನ್ನು ನೆನೆಯುವ ದಿನಗಳಲ್ಲಿ, ಮಾರ್ಟನ್ ಎಂಬ ಬಿಳಿಯನೊಬ್ಬ ಕಾಲಿಸ್ಟನ ಬಾಳೆಹೆಂಡದ ಅಂಗಡಿಯಲ್ಲಿ ಕೂತು ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ಅಲ್ಲಿದ್ದವರು ತಮ್ಮ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕಿದರು. ಒಬ್ಬಿಬ್ಬರು ಎದ್ದೇ ಹೋದರು. ಕಾಲಿಸ್ಟ್ ಹೋಗುವುದಾದರೂ ಎಲ್ಲಿಗೆ? ಅಂಗಡಿ ಅವನದು, ಊರಿನ ಮುಖ್ಯಸ್ಥ ಅವನು, ಗುಡ್ಡದಲ್ಲಿ ಫ್ರೆಂಚನ್ನು ಚೆನ್ನಾಗಿ ಬಲ್ಲವನೂ ಅವನೇ.

ಬಿಳಿಯ ಅತ್ತದ್ದಕ್ಕೆ ಕಾರಣವಿತ್ತು. ಹಿಂದಿನ ದಿನ ಗುಡ್ಡದ ನೆತ್ತಿಯ ಶಾಲೆಯಂಗಳದಲ್ಲಿ, ನೂರಾರು ಜನರನ್ನು ಒಟ್ಟಿಗೆ ಹೂತ ಗೋರಿಯ ಪಕ್ಕ ನಿಂತು, ವೆನೆರಾಂದಾ ತನ್ನ ಕಥೆ ಹೇಳಿದ್ದಳು. ತೊಂಬತ್ತನಾಲ್ಕರಲ್ಲಿ ಟುಟ್ಸಿ ಜನಾಂಗದವರ ಕಗ್ಗೊಲೆ ಶುರುವಾದಾಗ ಸುತ್ತಲ ಗುಡ್ಡಗಳಿಂದ ಅವರು ಓಡಿಬಂದು ಸೇರಿದ್ದು ಆ ಶಾಲೆಗೆ, ಯಾಕೆಂದರೆ ಲೋಕದ ದೇಶಗಳೆಲ್ಲ ಸೇರಿ ಕಳಿಸಿದ್ದ ನೀಲಿ ಟೊಪ್ಪಿಯ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಕೆಲವು ದಿನ ಕಳೆದ ಮೇಲೆ ಸೈನಿಕರಿಗೆ ಮೇಲಿನಿಂದ ಅಪ್ಪಣೆ ಬಂತು: ಬಿಳಿಯರನ್ನು ವಿಮಾನ ನಿಲ್ದಾಣ ಮುಟ್ಟಿಸಿ, ನೀವೂ ಹೊರಡಿ. ಗೇಟಿನಾಚೆ ಮಚ್ಚು ಹಿಡಿದವರು ಹೆಂಡ ಕುಡಿಯುತ್ತ ಕಾಯುತ್ತಿದ್ದರು. ಅದು ಒಳಗಿದ್ದವರಿಗೂ ಕಾಣುತ್ತಿತ್ತು, ಟ್ರಕ್ಕು ಹತ್ತಿದವರಿಗೂ ಕಾಣುತ್ತಿತ್ತು. ಪಾದ್ರಿಗಳ ಆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ವೆನೆರಾಂದಾ ತನ್ನ ಪುಟ್ಟ ಮಗಳನ್ನು ಕೊನೆಯ ಟ್ರಕ್ಕಿನ ಹಿಂಬಾಗಿಲ ಮೇಲಿಂದ ಒಳಕ್ಕೆ ದಾಟಿಸಿದಳು. ಒಂದು ಕೈ ಮಗುವನ್ನೆತ್ತಿ ಮತ್ತೆ ನೆಲಕ್ಕಿಟ್ಟಿತು. ಟ್ರಕ್ಕು ಹೊರಟಿತು. ಸಂಜೆಯೊಳಗೆ ಅವಳ ಗಂಡ, ಗಂಡುಮಕ್ಕಳು, ಆ ಮಗು, ಯಾರೂ ಇರಲಿಲ್ಲ. ಅವಳು ಹೆಣಗಳ ಅಡಿಯಲ್ಲಿ ಉಳಿದುಕೊಂಡಳು.

ಇದನ್ನೆಲ್ಲ ಕಾಲಿಸ್ಟ್ ಬಿಳಿಯನ ಕಿವಿಯಲ್ಲಿ ಫ್ರೆಂಚಿಗೆ ತಿರುಗಿಸುತ್ತ ಹೋಗಿದ್ದ. ಮಾರನೆಯ ದಿನ ಬಿಳಿಯನು ಅಂಗಡಿಗೆ ಬಂದು, ಆ ಕೊನೆಯ ಟ್ರಕ್ಕಿನಲ್ಲಿ ನಾನೂ ಇದ್ದೆ, ಆಗಿನ್ನೂ ಮೀಸೆ ಬಲಿಯದ ನೀಲಿ ಟೊಪ್ಪಿಯ ಸೈನಿಕ, ಆ ತಾಯಿಗೆ ಈಗ ನಾನೇನು ಮಾಡಲಿ ಎಂದು ಕೇಳಿ ಅಳಲು ಶುರುಮಾಡಿದ. ಕಾಲಿಸ್ಟನಿಗೆ ಆ ಅಳು ನಿಂತರೆ ಸಾಕಾಗಿತ್ತು. ತಲೆಯಲ್ಲಿ ಬೇರೇನೂ ಇರಲಿಲ್ಲ. ಬೆನ್ನು ತಟ್ಟಿ, "ಒಂದು ಹಸು ಕೊಡಿ" ಅಂದುಬಿಟ್ಟ. ಅಳು ನಿಂತಿತು.

ಹಸು ಕೊಡುವುದೆಂದರೆ ಅಲ್ಲಿ ಬರೀ ಹಾಲಿನ ಮಾತಲ್ಲ. ಹಸು ಪಡೆದವನು ಕೊಟ್ಟವನ ಜೀವದ ಗೆಳೆಯನಾಗುತ್ತಾನೆ. ಆಣೆ ಇಡುವಾಗಲೆಲ್ಲ "ಇಂಥವನು ನನಗೆ ಹಸು ಕೊಟ್ಟ" ಎಂದು ಅವನ ಹೆಸರು ಹಿಡಿದೇ ಇಡಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ತೆಗೆದುಹಾಕುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಗ್ಗ ಕೈಗೆ ಬಂದ ಮೇಲೆ ಕೊಟ್ಟವನ ಮೇಲಿನ ಹಳೆಯ ದೂರನ್ನು ಎತ್ತುವ ಹಾಗಿಲ್ಲ. ಇದು ಕಾಲಿಸ್ಟನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಹುಟ್ಟಿದ್ದು, ಹಿಂದೊಮ್ಮೆ ನಡೆದ ಕೊಲೆಗಳಿಗೆ ಹೆದರಿ ಓಡಿಹೋದ ಟುಟ್ಸಿಗಳ ನಡುವೆ, ನೆರೆಯ ಬುರುಂಡಿಯ ನಿರಾಶ್ರಿತರ ಶಿಬಿರದಲ್ಲಿ. ಒಂದು ಹಸುವಿನ ಬಾಲಕ್ಕೂ ಗತಿಯಿಲ್ಲದ ಅವನಪ್ಪ ಸಾಯುವ ತನಕ ಆಡಿದ್ದು ಹಸುಗಳ ಮಾತನ್ನೇ. ಆದರೂ ಕಾಲಿಸ್ಟ್ ಬಿಳಿಯನಿಗೆ ಹೇಳಿದ್ದು "ನಮ್ಮಲ್ಲಿ ಇದಕ್ಕಿಂತ ದೊಡ್ಡ ಕಾಣಿಕೆ ಇಲ್ಲ" ಎಂದಷ್ಟೇ. ಉಳಿದದ್ದನ್ನು ನುಂಗಿಕೊಂಡ. ನುಂಗುವುದರಲ್ಲಿ ಅವನು ಮೊದಲಿನಿಂದ ಗಟ್ಟಿಗ. ಕೊಲೆಗಳೆಲ್ಲ ಮುಗಿದ ಮೇಲೆ ಗಡಿ ದಾಟಿ ಬಂದವನಿಗೆ ಸರಕಾರಿ ಕಚೇರಿಯವರು ಅಂಗಳದಲ್ಲಿ ಬೆಣ್ಣೆಹಣ್ಣಿನ ಮರವಿದ್ದ ಒಂದು ಖಾಲಿ ಮನೆ ತೋರಿಸಿದ್ದರು. ಯಾರ ಮನೆ ಎಂದು ಅವನು ಕೇಳಲಿಲ್ಲ, ಗುಡ್ಡದವರು ಹೇಳಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ಎಲ್ಲರೂ ಸೇರಿ ಒಪ್ಪಿಕೊಂಡ ಹಾಗಿತ್ತು.

ಹಸುವಿನ ಸುದ್ದಿ ಮೇಲಿನ ಕಚೇರಿಗೆ ಮುಟ್ಟಿದ್ದೇ ತಡ, ಅದಕ್ಕೆ ರೆಕ್ಕೆಪುಕ್ಕ ಬಂತು. ರೇಡಿಯೋದವರು ಬರುತ್ತಾರಂತೆ, ಬ್ಯಾನರ್ ಕಟ್ಟಬೇಕಂತೆ, ಬಿಳಿಯನ ಊರಿನವರು ಗುಡ್ಡಕ್ಕೆ ನೀರಿನ ಕೊಳವೆ ಹಾಕಿಸಿಕೊಡುವ ಆಲೋಚನೆಯಲ್ಲಿದ್ದಾರಂತೆ. ಕಾಲಿಸ್ಟನ ಎದೆ ಎರಡಂಗುಲ ಉಬ್ಬಿತು. ವೆನೆರಾಂದಾಳನ್ನು ಒಪ್ಪಿಸುವುದೊಂದೇ ಉಳಿದಿತ್ತು.

ಅವಳು ಬಾಗಿಲಲ್ಲಿ ಚಾಪೆ ಹಾಸಿ ಕಾಳು ಆರಿಸುತ್ತಿದ್ದಳು. ಸರಕಾರ ಬಡವರಿಗೆ ಹಂಚುವ ಹಸುವಿನ ಸರದಿ ಬಂದಾಗಲೂ ನನಗಿನ್ನೂ ಯಾರಿಗೂ ಧನ್ಯವಾದ ಹೇಳುವ ಮನಸ್ಸಾಗಿಲ್ಲ ಎಂದು ಬೇರೆಯವರಿಗೆ ಬಿಟ್ಟುಕೊಟ್ಟ ಹೆಂಗಸು. ಬಿಳಿಯನು ಆ ಕೊನೆಯ ಟ್ರಕ್ಕಿನಲ್ಲಿದ್ದದ್ದು, ಲೋಕ ನಿಮ್ಮನ್ನು ಕಾಪಾಡಲಿಲ್ಲ ಎಂದು ಕೊರಗುತ್ತಿರುವುದು, ನೀರಿನ ಕೊಳವೆ, ರೇಡಿಯೋ, ಎಲ್ಲವನ್ನೂ ಕಾಲಿಸ್ಟ್ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದಳು.

"ಹಸು ಅಂದ್ರೆ ಏನು ಅಂತ ಅವನಿಗೆ ಹೇಳಿದ್ಯಾ?"

"ಹೇಳ್ದೆ ಅಕ್ಕ."

"ಪೂರ್ತಿ ಹೇಳಿದ್ಯಾ?"

ಕಾಲಿಸ್ಟ್ ಚಾಪೆಯ ಮೇಲಿನ ಕಲ್ಲೊಂದನ್ನು ಎತ್ತಿ ಆಚೆ ಎಸೆದ. ಅವಳಿಗೆ ಅಷ್ಟು ಉತ್ತರ ಸಾಕಾಯಿತು.

"ನನ್ನ ಮನೆಯವ್ರನ್ನ ಕಡಿದೋರು ಗಚಾಚಾದಲ್ಲಿ, ಇದೇ ಹುಲ್ಲಿನ ಮೇಲೆ, ಊರವ್ರ ನ್ಯಾಯಕ್ಕೆ ಬಂದು ನಿಂತ್ರು. ಅವರಲ್ಲಿ ಇಬ್ರನ್ನ ನಾನು ಕ್ಷಮಿಸ್ದೆ. ಯಾಕೆ ಗೊತ್ತಾ? ನಾನೇ ಹೊಡೆದೆ, ಇಂಥಾ ಗುಂಡೀಲಿ ಹಾಕ್ದೆ ಅಂತ ಬಾಯಿಬಿಟ್ಟು ಹೇಳಿದ್ರು. ಈ ನಿನ್ನ ಬಿಳಿಯ ಏನಂತಾನೆ? ಲೋಕ ನಿಮ್ಮನ್ನ ಕಾಪಾಡ್ಲಿಲ್ಲ ಅಂತಾನೆ. ಲೋಕಕ್ಕೆ ಕೈ ಎಲ್ಲಿದೆ ಕಾಲಿಸ್ಟ್? ನನ್ನ ಮಗೂನ ಕೆಳಗಿಟ್ಟಿದ್ದು ಒಬ್ಬ ಮನುಷ್ಯನ ಕೈ. ಹಳದಿ ಕೂದಲಿದ್ದ ಕೈ. ನಾನು ನೋಡಿದೀನಿ."

ಅವಳು ಕಾಳು ಕೇರುತ್ತ, ಬರಲಿ ಬಿಡು, ಬೇಡ ಅನ್ನುವುದಿಲ್ಲ ಎಂದಳು. ಆದರೆ ಹಗ್ಗ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಆಮೇಲೆ ಕೇಳುವ ಹಾಗಿಲ್ಲವಲ್ಲ; ನೀನದನ್ನು ಇದ್ದ ಹಾಗೆ ಅವನಿಗೆ ಮುಟ್ಟಿಸಬೇಕು. ಕಾಲಿಸ್ಟ್ ಆಯಿತೆಂದ.

"ನೀನು ಎಲ್ಲಾನೂ ಚೆಂದ ಮಾಡಿ ಹೇಳ್ತೀಯ" ಅಂದಳು ವೆನೆರಾಂದಾ. "ನನಗೆ ಅದೇ ಹೆದರಿಕೆ."

ಹಸು ಕೊಡುವ ದಿನ ಶಾಲೆಯಂಗಳದಲ್ಲಿ ಅದನ್ನು ತಂದು ನಿಲ್ಲಿಸಿದಾಗ ಮುದುಕರಿಗೆ ಮೊದಲು ಕಂಡದ್ದು ಅದರ ಕೊಂಬು. ಕಪ್ಪು ಬಿಳಿ ಮಚ್ಚೆಯ ದೊಡ್ಡ ಹಸು, ಕೆಚ್ಚಲು ತುಂಬಿತ್ತು, ಆದರೆ ಆ ನಾಡಿನ ಹಸುಗಳ ಮಾರುದ್ದದ ಕೊಂಬಿನೆದುರು ಇದರದು ಹೆಬ್ಬೆರಳಿನಷ್ಟು. ಇದೇನು ಹಸುವೋ ಕೊಬ್ಬಿದ ಮೇಕೆಯೋ ಎಂದು ಒಬ್ಬ ಗೊಣಗಿದ. ಮಾರ್ಟನ್ ಹೆಗಲ ಮೇಲೆ ಗಂಟು ಹಾಕಿದ ಆ ನಾಡಿನವರ ಬಿಳಿ ವಸ್ತ್ರ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ಮದುವೆಗಂಡಿನ ಹಾಗೆ ಬೆವರುತ್ತಿದ್ದ. ಕಚೇರಿಯ ಅಧಿಕಾರಿಣಿ ಮಾತಾಡಿದಳು, ಆಮೇಲೆ ಅವನು ಮಾತಾಡಿದ. ನಾವು ನಿಮ್ಮನ್ನು ಕಾಪಾಡಲಿಲ್ಲ ಎಂದ. ಲೋಕದ ರಾಷ್ಟ್ರಗಳು ಕಣ್ಣು ಮುಚ್ಚಿಕೊಂಡವು ಎಂದ. ಇತಿಹಾಸ ನಮ್ಮನ್ನು ಕ್ಷಮಿಸದು ಎಂದ. ಒಳ್ಳೆಯ ಮಾತುಗಳೇ, ಸುಳ್ಳು ಒಂದೂ ಇರಲಿಲ್ಲ. ಇಡೀ ಮಾತಿನಲ್ಲಿ "ನಾನು" ಎಂಬುದೂ ಒಂದೂ ಇರಲಿಲ್ಲ. ಕಾಲಿಸ್ಟ್ ಪ್ರತಿಯೊಂದನ್ನೂ ತನ್ನ ಜನಕ್ಕೆ ಇನ್ನಷ್ಟು ಚೆಂದ ಮಾಡಿ ಒಪ್ಪಿಸಿದ.

ವೆನೆರಾಂದಾ ಎದ್ದು ಬಂದು ಬಿಳಿಯನೆದುರು ನಿಂತಳು. ದನಿ ಏರಿಸಲಿಲ್ಲ.

"ಇವನನ್ನ ಕೇಳು. ನನ್ನ ಮಗಳನ್ನ ಟ್ರಕ್ಕಿಂದ ಕೆಳಗಿಟ್ಟಿದ್ದು ಇವನ ಕೈನಾ, ಬೇರೆಯವರ ಕೈನಾ? ಅದನ್ನ ಹೇಳಲಿ. ಆಮೇಲೆ ಹಗ್ಗ ಹಿಡೀತೀನಿ."

ಅಧಿಕಾರಿಣಿ ಕಾಲಿಸ್ಟನ ಕಡೆ ಒಂದು ನೋಟ ಬೀರಿದಳು. ರೇಡಿಯೋದವನು ಮೈಕು ಮುಂದೆ ಹಿಡಿದ. ಮಾರ್ಟನ್ ಏನೂ ಅರಿಯದೆ, ಕೂಸಿನ ಹಾಗೆ ಬಾಯಿ ಅರೆತೆರೆದು ಕಾಯುತ್ತಿದ್ದ. ಈ ಮಾತು ಮುಟ್ಟಿದರೆ ಆ ಮುಖ ಎಲ್ಲರೆದುರು ಹೇಗೆ ಕುಸಿಯುತ್ತದೆ ಎಂಬುದು ಕಾಲಿಸ್ಟನಿಗೆ ಮುಂದಾಗಿಯೇ ಕಂಡಿತು. ಮತ್ತೆ ಆ ಅಳು. ಅವನ ನಾಲಗೆ ಅವನನ್ನು ಕೇಳದೆ ಹೊರಳಿತು. ಇಷ್ಟು ದೂರದಿಂದ ಬಂದಿರಲ್ಲ, ಪ್ರಯಾಣದಲ್ಲಿ ಕಷ್ಟವಾಯಿತೇ ಎಂದು ಕೇಳುತ್ತಿದ್ದಾಳೆ ಎಂದು ಫ್ರೆಂಚಿನಲ್ಲಿ ಹೇಳಿಬಿಟ್ಟ.

ಮಾರ್ಟನ್ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು ವೆನೆರಾಂದಾಳನ್ನೇ ನೋಡುತ್ತ, ಇಲ್ಲ ಇಲ್ಲ, ಏನೂ ಕಷ್ಟವಾಗಲಿಲ್ಲ, ದಾರಿಯುದ್ದಕ್ಕೂ ಚೆನ್ನಾಗಿ ನಿದ್ದೆ ಬಂತು ಎಂದು ನಕ್ಕ.

ಕಾಲಿಸ್ಟನಿಗೆ ಕಿವಿ ಸುಟ್ಟ ಹಾಗಾಯಿತು. ಆದರೂ ತಿರುಗಿ, "ಅವರಿಗೆ ಎದೆ ಭಾರವಾಗಿದೆಯಂತೆ ಅಕ್ಕ, ಮಾತು ಬರ್ತಿಲ್ಲವಂತೆ" ಎಂದ.

ವೆನೆರಾಂದಾ ನೋಡಿದ್ದು ಬಿಳಿಯನನ್ನಲ್ಲ, ಕಾಲಿಸ್ಟನನ್ನು. ನೋಡಿ ಮುಗಿದ ಮೇಲೆ ಹಗ್ಗವನ್ನು ಮಾರ್ಟನ್ ಕೈಯಿಂದ ತೆಗೆದುಕೊಂಡು ಜನದ ಕಡೆ ತಿರುಗಿದಳು.

"ನನಗೆ ಕೊಟ್ಟಿಗೆ ಇಲ್ಲ. ಮೊಣಕಾಲು ನೋವು, ಹುಲ್ಲು ಹೊರೋಕಾಗಲ್ಲ. ನನ್ನ ಬಾಯಾಗಿ ನಿಂತೋನು ನಮ್ಮ ಮುಖ್ಯಸ್ಥ. ಹಸೂನೂ ಅವನೇ ಇಟ್ಕೊಳ್ಳಲಿ. ಕೊಟ್ಟೋನ ಹೆಸರಲ್ಲಿ ಆಣೇನೂ ಅವನೇ ಇಡಲಿ."

ಹಗ್ಗ ಕಾಲಿಸ್ಟನ ಕೈಗೆ ಬಂತು. ಎಲ್ಲರೆದುರು ಕೊಟ್ಟ ಹಸುವನ್ನು ಬೇಡ ಎಂದ ಗಂಡಸು ಆ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಜನ ಚಪ್ಪಾಳೆ ತಟ್ಟಿದರು, ಮುದುಕರು ಆಣೆ ಇಡು, ಆಣೆ ಇಡು ಎಂದು ಕಿಚಾಯಿಸಿದರು. ಅವನು ಪದ್ಧತಿಯಂತೆ ಎರಡೂ ತೋಳನ್ನು ಕೊಂಬಿನ ಹಾಗೆ ಮೇಲೆತ್ತಿ, "ಮಾರ್ಟನ್ ನನಗೆ ಹಸು ಕೊಟ್ಟ" ಎಂದು ಕೂಗಬೇಕಾಯಿತು. ದನಿ ಸಾಲದು ಎಂದರು, ಮತ್ತೆ ಕೂಗಿಸಿದರು. ಇದೂ ಒಂದು ಪದ್ಧತಿಯೇ ಇರಬೇಕೆಂದು ತಿಳಿದ ಮಾರ್ಟನ್ ಓಡಿಬಂದು ಅವನನ್ನು ತಬ್ಬಿಕೊಂಡ. ಆ ತಬ್ಬುಗೆಯೊಳಗೆ ಕಾಲಿಸ್ಟನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಜೀವಮಾನದಲ್ಲಿ ಅವನಿಗೆ ಅಷ್ಟು ನಾಚಿಕೆಯಾದದ್ದಿಲ್ಲ.

ಹಸುವನ್ನು ಮನೆಯಂಗಳದ ಬೆಣ್ಣೆಹಣ್ಣಿನ ಮರಕ್ಕೆ ಕಟ್ಟಿ, ಹೆಂಡತಿಗೆ ಏನೂ ಹೇಳದೆ, ಇಳಿಹೊತ್ತಿಗೆ ವೆನೆರಾಂದಾಳ ಮನೆಗೆ ಬಂದ. ತಪ್ಪಾಯಿತು ಅನ್ನಬೇಕೆಂದಿದ್ದ. ಬಾಯಿಗೆ ಬಂದದ್ದು ಬೇರೆ. ಅಷ್ಟು ಜನರೆದುರು ಆ ಮಾತು ಹೇಗೆ ಹೇಳಲಿ, ನೀರಿನ ಕೊಳವೆ, ರೇಡಿಯೋ, ಎಂದೇನೇನೋ ತೊದಲಿದ. ಅವಳು ಒಲೆಯ ಮೇಲಿನ ಗೆಣಸನ್ನು ಚುಚ್ಚಿ ನೋಡುತ್ತಿದ್ದಳು.

"ಪಾದ್ರಿಗಳ ಅಡುಗೆಮನೇಲಿ ಅಷ್ಟು ವರ್ಷ ಇದ್ದೋಳು ನಾನು" ಅಂದಳು. "ಪ್ರಯಾಣ, ನಿದ್ದೆ, ಊಟ, ಅಷ್ಟು ಫ್ರೆಂಚ್ ನನಗೂ ಬರತ್ತೆ."

ನನ್ನ ಮಗಳನ್ನು ಕೆಳಗಿಟ್ಟೆಯಾ ಎಂದು ಕೇಳಿದವಳಿಗೆ, ಇಲ್ಲ, ಚೆನ್ನಾಗಿ ನಿದ್ದೆ ಬಂತು ಎಂಬ ಉತ್ತರ. ಅದನ್ನು ಅವಳು ಕಿವಿಯಾರೆ ಕೇಳಿಸಿಕೊಂಡು ನಿಂತಿದ್ದಳು.

"ಹಸೂನ ವಾಪಸ್ ಕೊಟ್ಟುಬಿಡ್ತೀನಿ ಅಕ್ಕ."

"ಕೊಡೋಕಾಗಲ್ಲ, ಗೊತ್ತಲ್ಲ ನಿನಗೆ. ಅದಕ್ಕೇ ನಿನ್ನ ಕೈಗೆ ಹಾಕಿದ್ದು. ಹಸು ನನ್ನದಾಗಿದ್ರೆ ನನ್ನ ಬಾಯಿ ಕಟ್ಟಿಹೋಗ್ತಿತ್ತು. ನಿನಗೆ ಅವನ ಮೇಲೆ ಯಾವ ದೂರೂ ಇಲ್ಲ. ಈಗ ನೀವಿಬ್ರೂ ಹಸುವಿನ ಗೆಳೆಯರು, ನೀನು ಕೇಳಿದ್ದಕ್ಕೆ ಅವನು ಇಲ್ಲ ಅನ್ನೋ ಹಾಗಿಲ್ಲ. ಹೋಗು. ಇಬ್ರೇ ಕೂತು ಕೇಳು. ನಾನು ಕೇಳಿದ ಹಾಗೇ ಕೇಳು. ಅವನು ಹೇಳಿದ ಹಾಗೇ ಬಂದು ಹೇಳು."

ಮಾರ್ಟನ್ ಇಳಿದುಕೊಂಡಿದ್ದದ್ದು ಚರ್ಚಿನ ಅತಿಥಿಗೃಹದಲ್ಲಿ. ಹೊಳೆಮೀನು, ಆಲೂಗಡ್ಡೆ ಮುಂದಿಟ್ಟುಕೊಂಡು ಒಬ್ಬನೇ ಕೂತಿದ್ದ. ಗೆಳೆಯ ಎಂದು ಕುರ್ಚಿ ಎಳೆದುಕೊಟ್ಟ. ಕಾಲಿಸ್ಟ್ ಕೂರಲಿಲ್ಲ, ಕೂತರೆ ಮತ್ತೆ ಚೆಂದದ ಮಾತು ಬಂದೀತೆಂಬ ಭಯ. ಬೆಳಗ್ಗೆ ನಾನು ಸುಳ್ಳು ಹೇಳಿದೆ, ಅವಳು ಕೇಳಿದ್ದು ಪ್ರಯಾಣದ ವಿಷಯವಲ್ಲ ಎಂದ. ಹಸು ಎಂದರೇನೆಂಬುದನ್ನೂ ನಾನು ಪೂರ್ತಿ ಹೇಳಿರಲಿಲ್ಲ ಎಂದು, ಬಿಟ್ಟಿದ್ದನ್ನು ಸೇರಿಸಿ ಹೇಳಿದ. ಆಮೇಲೆ ವೆನೆರಾಂದಾಳ ಪ್ರಶ್ನೆಯನ್ನು ಒಂದು ಅಕ್ಷರ ಮೆತ್ತಗೆ ಮಾಡದೆ ಮೇಜಿನ ಮೇಲಿಟ್ಟ.

ಅಳುತ್ತಾನೆಂದು ಕಾದ. ಮಾರ್ಟನ್ ಅಳಲಿಲ್ಲ. ಮುಳ್ಳುಚಮಚ ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಗೊತ್ತಿಲ್ಲ" ಎಂದ. "ಕೆಳಗಿಟ್ಟೆ, ಹೌದು. ಆದರೆ ಒಂದು ಮಗೂನಲ್ಲ. ಟ್ರಕ್ಕಲ್ಲಿ ಇಲ್ಲಿನವರು ಒಬ್ರೂ ಇರಬಾರದು ಅಂತ ನಮ್ಮ ಮೇಲಧಿಕಾರಿ ಕೂಗ್ತಿದ್ದ. ಜನ ಮಕ್ಕಳನ್ನ ಎಸೀತಾನೇ ಇದ್ರು, ನಾನು ಇಳಿಸ್ತಾನೇ ಇದ್ದೆ. ಮುಖ ನೋಡ್ಲಿಲ್ಲ. ನೋಡಬಾರದು ಅಂತಲೇ ನೋಡ್ಲಿಲ್ಲ. ಒಂದೇ ಒಂದು ನೆನಪಿದೆ. ಹೆಣ್ಣುಮಗು. ಒಂದು ಪಾದಕ್ಕೆ ಬಟ್ಟೆ ಸುತ್ತಿತ್ತು, ಇನ್ನೊಂದರಲ್ಲಿ ಕೆಂಪು ಪ್ಲಾಸ್ಟಿಕ್ ಚಪ್ಪಲಿ. ನನ್ನ ತೋಳು ಹಿಡ್ಕೊಂಡಿತ್ತು, ಬಿಡಿಸ್ದೆ. ಆ ಮಗು ವೆನೆರಾಂದಾ ಅವರದೇ ಅಂದುಕೊಂಡು ಬಂದೆ ನಾನು. ಅವರದೇ ಅಲ್ವಾ?"

ಕಾಲಿಸ್ಟನಿಗೆ ಅದು ಗೊತ್ತಿರಲಿಲ್ಲ. ಗುಡ್ಡ ಇಳಿಯುವಾಗ ಆ ಮಾತನ್ನು ಹಾಗೇ ಹೊತ್ತು ತರುವುದು ಅವನಿಗೆ ತುಂಬಿದ ಕೊಡ ಹೊರುವುದಕ್ಕಿಂತ ಕಷ್ಟವಾಯಿತು. ನಡುವೆ ನಾಲಗೆ ತಾನಾಗಿಯೇ ಅದನ್ನು ತಿದ್ದಲು ಹೊರಡುತ್ತಿತ್ತು: ಅವನು ತುಂಬ ನೊಂದಿದ್ದಾನೆ, ದಿನವೂ ನಿನ್ನ ಮಗಳನ್ನು ನೆನೆಯುತ್ತಾನೆ. ಬಾಯಿ ಬಿಗಿಹಿಡಿದು ನಡೆದ. ವೆನೆರಾಂದಾಳ ಬಾಗಿಲಲ್ಲಿ ನಿಂತು, ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿದ.

ಅವಳು ಒಲೆಯಿಂದ ಕೊಳ್ಳಿಯೊಂದನ್ನು ಹೊರಗೆಳೆದಳು.

"ನನ್ನ ಮಗಳಿಗೆ ಚಪ್ಪಲೀನೇ ಇರ್ಲಿಲ್ಲ" ಎಂದಳು. "ನನ್ನ ಮಗಳು ಅವನ ನೆನಪಲ್ಲೇ ಇಲ್ಲ."

ಇಷ್ಟು ವರ್ಷ ಅವಳು ಬಯಸಿದ್ದು ಒಬ್ಬ ತಪ್ಪಿತಸ್ಥನನ್ನು. ಅವಳಿಗೆ ಅದೂ ದಕ್ಕಲಿಲ್ಲ. ಲೋಕವೆಲ್ಲ ತಪ್ಪಾಯಿತು ಅನ್ನುತ್ತದೆ, ಅವಳ ಮಗುವನ್ನು ಮಾತ್ರ ಯಾರೂ ಕೆಳಗಿಟ್ಟಿಲ್ಲ.

"ಆ ಚಪ್ಪಲಿ ಮಗು ಕಂಪಿರೆ" ಎಂದಳು ವೆನೆರಾಂದಾ. "ಟೈಲರ್ ಸೆಬುಹಿಂಜನ ಮಗಳು. ಕುದಿಯೋ ಗಂಜಿ ಕಾಲ ಮೇಲೆ ಚೆಲ್ಲಿತ್ತು. ಶಾಲೇಲಿ ನಾನೇ ಬಟ್ಟೆ ಸುತ್ತಿದ್ದೆ."

"ಅವಳ ಕಡೆಯವರು ಯಾರಾದ್ರೂ?"

"ಒಬ್ರೂ ಇಲ್ಲ. ಅಜ್ಜಿಯಿಂದ ಹಿಡಿದು ಎಲ್ಲಾ ಹೋದ್ರು." ಆಮೇಲೆ ಅವಳು ಕೇಳಿದಳು, "ಹಸು ಎಲ್ಲಿ ಕಟ್ಟಿದೀಯ?"

"ಅಂಗಳದಲ್ಲಿ. ಬೆಣ್ಣೆಹಣ್ಣಿನ ಮರಕ್ಕೆ."

"ಆ ಮರ ನೆಟ್ಟಿದ್ದು ಸೆಬುಹಿಂಜ. ಕಂಪಿರೆ ಹುಟ್ಟಿದ ವರ್ಷ."

ಕಾಲಿಸ್ಟ್ ಹೊಸ್ತಿಲ ಮೇಲೆ ಕೂತ. ಇಷ್ಟು ವರ್ಷ ಅದರ ಹಣ್ಣು ತಿಂದಿದ್ದಾನೆ, ಅದರ ನೆರಳಲ್ಲಿ ಮಗನ ಮದುವೆ ಮಾಡಿದ್ದಾನೆ. ಬಿಳಿಯನು ಮಕ್ಕಳ ಮುಖ ನೋಡಬಾರದೆಂದು ನೋಡಲಿಲ್ಲ. ತಾನು ಕೇಳಬಾರದೆಂದು ಕೇಳಲಿಲ್ಲ. ಅವನನ್ನು ನೋಡಿ ಮುಜುಗರಪಡುವುದಕ್ಕೆ ತನಗೆ ಯಾವ ಮುಖವಿತ್ತು ಎಂದು ಅನ್ನಿಸಿ ಅವನ ಮೈಯೆಲ್ಲ ಹಿಡಿಯಾಯಿತು. ನೆಲ ನೋಡುತ್ತಲೇ, ಆ ಮನೆಯವರ ಹೆಸರುಗಳನ್ನು ಹೇಳು ಎಂದು ಕೇಳಿದ. ಕೇಳುತ್ತಿರುವುದು ಅದೇ ಮೊದಲು. ಅವಳು ಹೇಳಿದಳು. ಅವನು ಒಂದೊಂದನ್ನೂ ತಾನೂ ಹೇಳಿ ನೋಡಿಕೊಂಡ.

ಎದ್ದು ಹೊರಡುವಾಗ ಅವಳು, ನಾಳೆ ಅವನು ಹೊರಡುವ ಮುಂಚೆ ನಿನ್ನ ಅಂಗಳಕ್ಕೆ ಕರೆದುಕೊಂಡು ಬಾ, ಇದನ್ನೆಲ್ಲ ಹೇಳು ಎಂದಳು. "ನಾನೂ ಬರ್ತೀನಿ. ನೀನು ಚೆಂದ ಮಾಡಿ ಹೇಳಿದ್ರೆ ನನಗೆ ಗೊತ್ತಾಗತ್ತೆ."

ಬೆಳಗ್ಗೆ ಮಾರ್ಟನ್ ಬಂದ. ವೆನೆರಾಂದಾ ಮೊದಲೇ ಬಂದು ಮರದ ಬೇರಿನ ಮೇಲೆ ಕೂತಿದ್ದಳು. ಕಾಲಿಸ್ಟ್ ನಿಂತೇ ಹೇಳಿದ: ಆ ಮಗು ಈಕೆಯದಲ್ಲ. ಅದರ ಹೆಸರು ಕಂಪಿರೆ. ಇದು ಅವಳಪ್ಪ ನೆಟ್ಟ ಮರ, ಇದು ಅವಳ ಮನೆ, ಈಗ ಇದರಲ್ಲಿರುವವನು ನಾನು. ಅವಳ ಕಡೆಯವರು ಯಾರೂ ಉಳಿದಿಲ್ಲ. ಈಕೆಯ ಮಗಳ ಹೆಸರು ಉವೇರಾ, ಅವಳಿಗೆ ಚಪ್ಪಲಿ ಇರಲಿಲ್ಲ, ಅವಳು ನಿಮಗೆ ನೆನಪಿಲ್ಲ ಎಂಬುದನ್ನೂ ಈಕೆಗೆ ಹೇಳಿದ್ದೇನೆ.

ಮಾರ್ಟನ್ ಮರವನ್ನು ನೋಡಿದ, ಹಸುವನ್ನು ನೋಡಿದ, ಕೊನೆಗೆ ವೆನೆರಾಂದಾಳನ್ನು ನೋಡಿ, "ಉವೇರಾ" ಎಂದ. ಸರಿಯಾಗಿ ಅನ್ನಲು ಬರಲಿಲ್ಲ. ಅವಳು ಒಮ್ಮೆ ಹೇಳಿಕೊಟ್ಟಳು. ಅವನು ಮತ್ತೆ ಅಂದ, ಆಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದ. ಬೇಲಿಯಾಚೆ ಹೋಗುತ್ತಿದ್ದವರು ಮುಖ ತಿರುಗಿಸಿಕೊಂಡು ನಡಿಗೆ ಚುರುಕು ಮಾಡಿದರು.

ಕಾಲಿಸ್ಟನ ಕೈ ಬೆನ್ನು ತಟ್ಟಲು ತಾನಾಗಿಯೇ ಮೇಲೆದ್ದಿತು. ಅವನು ಅದನ್ನು ಕೆಳಗಿಳಿಸಿದ. ಈ ಸಲ ಏನನ್ನೂ ಕೊಡಿ ಎನ್ನಲಿಲ್ಲ. ಹಸು ಮೇಯುತ್ತಿತ್ತು, ಮೂವರೂ ಅಲ್ಲೇ ಇದ್ದರು, ಬಿಳಿಯನು ಅಳು ಮುಗಿಸುವ ತನಕ.